ಕೆಸರಿಗಿಳಿಸಿ ತೋರಿಸು

ಶಿರಸಿ

ಚಿ. ಸುಮಂತನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಶಾಲೆಯ ಮಕ್ಕಳಿಗಾಗಿ ನೀನು ಅಘನಾಶಿನಿ ಅಳಿವೆಯನ್ನು ವರ್ಚುವಲ್ ರಿಯಾಲಿಟಿಯಲ್ಲಿ ತೋರಿಸಲು ಹೊರಟಿರುವುದು ಬಹಳ ಸಂತೋಷ. ಆದರೆ ಹೆಚ್ಚಿನ ದೃಶ್ಯಗಳು ಡ್ರೋನ್‌ನಿಂದ ತೆಗೆದವು ಎಂದು ಬರೆದಿದ್ದೀಯ, ಅಲ್ಲೇ ನನ್ನ ತಕರಾರು. ಮೇಲಿನಿಂದ ನೋಡಿದರೆ ಯಾವ ಹೊಳೆಯೂ ಚೆಂದವೇ. ಚೆಂದ ಕಂಡವರು ಹೊಗಳಿ ಎದ್ದು ಹೋಗುತ್ತಾರೆ.

ಮಕ್ಕಳನ್ನು ಕೆಳಗಿಳಿಸು. ಇಳಿತದ ಹೊತ್ತಿನಲ್ಲಿ ಬಳಚು (ಚಿಪ್ಪಿನ ಜೀವಿ) ಹೆಕ್ಕುವ ಹೆಂಗಸರ ಪಕ್ಕದಲ್ಲಿ, ಕೆಸರಿನಲ್ಲಿ ನಿಲ್ಲಿಸು. ಆಮೇಲೆ ಭರತದ (ಉಬ್ಬರದ) ನೀರು ಏರಲಿ. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ಸಂದಿಯಲ್ಲಿ ಮೀನುಮರಿ, ಸಿಗಡಿಮರಿಗಳು ಅಡಗುವುದನ್ನು ಹತ್ತಿರದಿಂದ ನೋಡಲಿ. ದಡದಲ್ಲಿ ನಿಂತವರಿಗೆ ಕಲಕಿದ ನೀರಿನಲ್ಲಿ ಇದು ಕಾಣುವುದಿಲ್ಲ. ನಿನ್ನ ಯಂತ್ರ ಬೇಕಾಗಿರುವುದು ಇಂಥದ್ದಕ್ಕೇ. ಮರದಲ್ಲಿರುವಾಗಲೇ ಮೊಳೆತು ಈಟಿಯಂತೆ ನೇತಾಡುವ ಕಾಂಡ್ಲಾ ಸಸಿಯನ್ನು ಅವರ ಕೈಯಿಂದ ನೆಡಿಸು, ವರ್ಷಗಳ ಬೆಳವಣಿಗೆಯನ್ನು ನಿಮಿಷಕ್ಕಿಳಿಸು. ಆಮೇಲೆ ಅದೇ ಗಿಡವನ್ನು ಅವರಿಂದಲೇ ಕಡಿಸಿ, ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯ ಕಟ್ಟೆಯನ್ನು, ಗಿಡದ ಆಸರೆ ತಪ್ಪಿದ ಮೇಲೆ, ನೀರು ಕೊರೆಯುವುದನ್ನೂ ತೋರಿಸು.

ಕಡಿಸುವುದು ಕ್ರೂರವೆನಿಸಬಹುದು. ಆದರೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರ ಪ್ರಯೋಗವೊಂದರಲ್ಲಿ, ಕೈಯಲ್ಲಿ ಅದುರುವ ಗರಗಸ ಹಿಡಿದು ವರ್ಚುವಲ್ ಮರ ಉರುಳಿಸಿದವರು, ಮರ ಕಡಿಯುವುದರ ಬಗ್ಗೆ ಬರೀ ಓದಿದವರಿಗಿಂತ ಸುಮಾರು ಶೇ. 20ರಷ್ಟು ಕಡಿಮೆ ಕಾಗದದ ಕರವಸ್ತ್ರ ಬಳಸಿದರು. ಕೈ ಕಲಿತದ್ದು ಉಳಿಯುತ್ತದೆ. 1983ರಲ್ಲಿ ನಮ್ಮ ಸಾಲ್ಕಣಿಯ ಜನರೂ ಭಾಷಣ ಕೇಳಿ ಸುಮ್ಮನಾಗಲಿಲ್ಲ, ಕಾಡು ಕಡಿಯುವುದನ್ನು ತಡೆಯಲು ಮರಗಳನ್ನು ತೋಳಿನಿಂದ ಅಪ್ಪಿಕೊಂಡರು.

ಒಂದು ಸುಳ್ಳೂ ಸೇರಬಾರದು. ಬಣ್ಣಕ್ಕೆ ಆಸೆಪಟ್ಟು ಕಡಲ ನಡುವಿನ ನೇತ್ರಾಣಿ ದ್ವೀಪದ ಹವಳವನ್ನು ಅಳಿವೆಗೆ ತರಬೇಡ. ಅಳಿವೆಯ ದಡದ ತದಡಿಯ ಮಗು ಅದನ್ನು ಕ್ಷಣದಲ್ಲಿ ಹಿಡಿಯುತ್ತದೆ, ಮತ್ತೆ ನಿನ್ನ ಯಾವ ಮಾತನ್ನೂ ನಂಬುವುದಿಲ್ಲ. ಮೊದಲ ಪ್ರದರ್ಶನ ಬಳಚಿನ ಹೆಂಗಸರಿಗೇ ಆಗಲಿ. ಅವರು ತಪ್ಪೆಂದದ್ದನ್ನು ತಿದ್ದು. 2024ರಲ್ಲಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಹೇಳು, ಆದರೆ ಅದರಿಂದಲೇ ಹೊಳೆ ಉಳಿಯಿತೆಂಬ ಭಾವನೆ ಬರಿಸಬೇಡ.

ಮಕ್ಕಳನ್ನು ಕೂರಿಸಿಯೇ ತೋರಿಸು, ಕೆಲವೇ ನಿಮಿಷ ಸಾಕು. ಕಣ್ಣು ‘ಚಲಿಸುತ್ತಿದ್ದೇನೆ’ ಎನ್ನುವಾಗ ಒಳಗಿವಿ ‘ಇಲ್ಲ, ಕೂತಿದ್ದೇನೆ’ ಎಂದರೆ ತಲೆ ಸುತ್ತುತ್ತದೆ.

ಅದೇ ವಾರ ಅವರನ್ನು ನಿಜವಾದ ಹೊಳೆಗೆ ಕರೆದೊಯ್ಯಬೇಕು. ದಿನವನ್ನು ಶಾಲೆಯ ವೇಳಾಪಟ್ಟಿ ನೋಡಿ ಗೊತ್ತುಮಾಡಬೇಡ, ಇಳಿತದ ಹೊತ್ತನ್ನು ಆ ಹೆಂಗಸರನ್ನೇ ಕೇಳು. ಮಕ್ಕಳಿಗೆ ತೋರಿಸುತ್ತ ನಿಂತರೆ ಅವರ ಅಂದಿನ ದುಡಿಮೆ ನಿಲ್ಲುತ್ತದೆ. ಆ ಕೂಲಿಯನ್ನು ಯೋಜನೆಯ ಖರ್ಚಿನಲ್ಲಿ ಈಗಲೇ ಸೇರಿಸಿಡು.

ಇಂತಿ,
ನಿನ್ನ ದೊಡ್ಡಪ್ಪ