ಹಾಫ್‌ಟೈಮ್ ಆದಮೇಲೂ ಯಾರೂ ಏಳಲಿಲ್ಲ

ಎಲ್ಲರಿಗೂ ವಿಶ್ವಾವಸು ಸಂವತ್ಸರದ (2025) ಯುಗಾದಿ ಶುಭಾಶಯಗಳು. ನಮ್ಮ ಕನ್ನಡ ಕೂಟದ ಹಬ್ಬದ ಸಂಚಿಕೆ ಇದು, ಹಾಗಾಗಿ ಬೇವು-ಬೆಲ್ಲದ ಬಗ್ಗೆ ಬರೆಯಬೇಕಿತ್ತು. ಆದರೆ ಈ ಸಲ ನನಗೆ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಬರೆಯಬೇಕು ಅನ್ನಿಸಿದೆ. ಅಮೆರಿಕದ ಇಂಡಿಯಾನಾದಲ್ಲಿ ಇಷ್ಟು ವರ್ಷ ಬಾಳಿ, ಇಂಡಿಯಾನಾ ಯೂನಿವರ್ಸಿಟಿ ತಂಡದ 2024ರ ಸೀಸನ್ ಬಗ್ಗೆ ಒಂದು ಮಾತೂ ಆಡದೆ ಇರಲು ಮನಸ್ಸು ಬರುತ್ತಿಲ್ಲ.

ನಮ್ಮದು ಬ್ಯಾಸ್ಕೆಟ್‌ಬಾಲ್ ರಾಜ್ಯ. ಇಲ್ಲಿಗೆ ಬಂದ ಹೊಸದರಲ್ಲಿ ಆಫೀಸಿನವರು ನಮಗೆಲ್ಲ ಮೊದಲು ಹೇಳಿಕೊಟ್ಟ ಪಾಠ ಅದು. ಯೂನಿವರ್ಸಿಟಿಯ ಬ್ಯಾಸ್ಕೆಟ್‌ಬಾಲ್ ಅಂಗಣವಾದ ಅಸೆಂಬ್ಲಿ ಹಾಲ್‌ನಲ್ಲಿ ತೂಗುವ ಐದು ಚಾಂಪಿಯನ್‌ಶಿಪ್ ಬ್ಯಾನರ್‌ಗಳ ಬಗ್ಗೆ ಹೇಳುತ್ತಿದ್ದರು. ಫುಟ್‌ಬಾಲ್ ಬಗ್ಗೆ ಕೇಳಿದರೆ "ಅಯ್ಯೋ, ಅದು ಬಿಡಿ" ಅನ್ನುವ ಹಾಗೆ ಕೈಯಾಡಿಸುತ್ತಿದ್ದರು. ಅದಕ್ಕೆ ಕಾರಣವೂ ಇತ್ತು. ಮೇಲಿನ ದರ್ಜೆಯ ಕಾಲೇಜು ತಂಡಗಳಲ್ಲಿ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಸೋತ ತಂಡ ಆಗ ನಮ್ಮದಾಗಿತ್ತು. 700ಕ್ಕೂ ಹೆಚ್ಚು ಸೋಲು. ನಾವು ಆಡುವ ಕಾಲೇಜು ಲೀಗ್ ಬಿಗ್ ಟೆನ್‌ನ ಪಟ್ಟ ಅಲ್ಲಿಯವರೆಗೆ ಕೊನೆಯದಾಗಿ ಸಿಕ್ಕಿದ್ದು 1967ರಲ್ಲಿ. 2021ರಲ್ಲಿ ಎರಡು ಗೆಲುವು, 2022ರಲ್ಲಿ ನಾಲ್ಕು, 2023ರಲ್ಲಿ ಮೂರು. ಕೋಚ್ ಟಾಮ್ ಅಲೆನ್ ಅವರನ್ನು ಮನೆಗೆ ಕಳಿಸಿದರು. ಹುಡುಗರನ್ನು ಪ್ರೀತಿಯಿಂದ ನೋಡಿಕೊಂಡ ಮನುಷ್ಯ ಅವರು. 2020ರಲ್ಲಿ ಒಳ್ಳೆಯ ಸೀಸನ್ ಕೂಡ ಕೊಟ್ಟಿದ್ದರು. ಆಮೇಲೆ ತಂಡ ಏಳಲೇ ಇಲ್ಲ.

2023ರ ನವೆಂಬರ್ ಕೊನೆಗೆ ಕರ್ಟ್ ಸಿಗ್ನೆಟಿ ಬಂದರು. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ಯೂನಿವರ್ಸಿಟಿಯಿಂದ. ಒಳ್ಳೆಯ ಆಟಗಾರರು ನಿಮ್ಮ ಜೊತೆ ಯಾಕೆ ಬರಬೇಕು, ಅವರಿಗೆ ಏನು ಹೇಳುತ್ತೀರಿ ಎಂದು ಪತ್ರಕರ್ತರು ಕೇಳಿದಾಗ ಅವರು ಕೊಟ್ಟ ಉತ್ತರ ಈಗ ಈ ರಾಜ್ಯದಲ್ಲಿ ಮಕ್ಕಳ ಬಾಯಲ್ಲೂ ಇದೆ: "ನಾನು ಗೆಲ್ಲುತ್ತೇನೆ. ಗೂಗಲ್ ಮಾಡಿ ನೋಡಿ." ಕೇಳಿದಾಗ ನನಗೆ ಜಂಬದ ಮಾತು ಅನ್ನಿಸಿತ್ತು. ಆದರೂ ಗೂಗಲ್ ಮಾಡಿದೆ.

ಅಲ್ಲಿ ಕಂಡ ಕಥೆ ನನ್ನನ್ನು ಹಿಡಿದು ಕೂರಿಸಿತು. ಅವರು ಅಲಬಾಮಾ ಯೂನಿವರ್ಸಿಟಿಯಲ್ಲಿ ಹೆಸರಾಂತ ಕೋಚ್ ನಿಕ್ ಸೇಬನ್ ಕೈಕೆಳಗೆ ನಾಲ್ಕು ವರ್ಷ ಸಹಾಯಕ ಕೋಚ್ ಆಗಿದ್ದರು. ಅದೇ ಹೊತ್ತಿನಲ್ಲಿ ಅಲಬಾಮಾ ರಾಷ್ಟ್ರೀಯ ಚಾಂಪಿಯನ್ ಕೂಡ ಆಯಿತು. ಅಂಥ ಜಾಗ ಬಿಟ್ಟು 49ನೇ ವಯಸ್ಸಿನಲ್ಲಿ ಕಡಿಮೆ ಸಂಬಳಕ್ಕೆ ಎರಡನೇ ದರ್ಜೆಯ ಒಂದು ಸಣ್ಣ ಕಾಲೇಜಿಗೆ ಹೋದರು. ಪೆನ್ಸಿಲ್ವೇನಿಯಾದಲ್ಲೂ ಇಂಡಿಯಾನಾ ಎಂಬ ಊರಿದೆ, ಅಲ್ಲಿಯ ಕಾಲೇಜು ಅದು. ಅವರ ತಂದೆ ಫ್ರಾಂಕ್ ಸಿಗ್ನೆಟಿ ಬಹಳ ವರ್ಷ ಕೋಚ್ ಆಗಿದ್ದ ಜಾಗ. ಅಲ್ಲಿಂದ ಈಲಾನ್ ಯೂನಿವರ್ಸಿಟಿ, ಆಮೇಲೆ ಜೇಮ್ಸ್ ಮ್ಯಾಡಿಸನ್. ಒಂದೊಂದೇ ಮೆಟ್ಟಿಲು ಹತ್ತಿ ನಮ್ಮಲ್ಲಿಗೆ ಬರುವಾಗ ಅವರಿಗೆ 62. ನಮ್ಮಲ್ಲಿ ಎಷ್ಟೋ ಜನ ಊರಲ್ಲಿದ್ದ ಗಟ್ಟಿ ಕೆಲಸ ಬಿಟ್ಟು ಇಲ್ಲಿ ಮತ್ತೆ ಕೆಳಗಿಂದ ಶುರು ಮಾಡಿದವರು. ಐವತ್ತರ ಹತ್ತಿರ ಅಂಥ ಹೆಜ್ಜೆ ಇಡಲು ಎಷ್ಟು ಧೈರ್ಯ ಬೇಕು ಎಂದು ಬೇರೆಯವರು ನಮಗೆ ಹೇಳಬೇಕಾಗಿಲ್ಲ, ಅಲ್ವಾ?

ಸಿಗ್ನೆಟಿ ಒಬ್ಬರೇ ಬರಲಿಲ್ಲ. ಜೇಮ್ಸ್ ಮ್ಯಾಡಿಸನ್‌ನ 13 ಆಟಗಾರರು ಅವರ ಹಿಂದೆಯೇ ಬಂದರು. ಕಾಲೇಜು ಆಟಗಾರರು ತಂಡ ಬದಲಿಸುವ ನಿಯಮ ಈಗ ಸಡಿಲವಾಗಿದೆ. ಮೊದಲಿನ ಹಾಗೆ ಒಂದು ವರ್ಷ ಸುಮ್ನೆ ಕೂರಬೇಕಾಗಿಲ್ಲ. ಇದರಿಂದ ಕಾಲೇಜು ಆಟದ ಮಜಾ ಹೋಯಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೊಡ್ಡ ಕಾಲೇಜುಗಳು ಕಣ್ಣೆತ್ತಿಯೂ ನೋಡದ ಹುಡುಗರಿಗೆ ಇದರಿಂದ ಎರಡನೇ ಬಾಗಿಲು ತೆರೆಯಿತು. ಡಿಆ್ಯಂಜೆಲೊ ಪಾಂಡ್ಸ್ ಅನ್ನುವ ಹುಡುಗನನ್ನು ನೋಡಿ. ಎತ್ತರ ಐದು ಅಡಿ ಒಂಬತ್ತು ಇಂಚು. ವಾಷಿಂಗ್ಟನ್ ವಿರುದ್ಧ ಎದುರಾಳಿಯ ಪಾಸ್ ಎರಡು ಸಲ ಕಸಿದ, ಅದರಲ್ಲಿ ಒಂದನ್ನು ಹಿಡಿದು ಕೊನೆಯ ಗೆರೆ ದಾಟುವವರೆಗೆ ಓಡಿ ಟಚ್‌ಡೌನ್ ಮಾಡಿಯೇಬಿಟ್ಟ. ಪಾಸ್ ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಕರ್ಟಿಸ್ ರೂರ್ಕ್ ಕೆನಡಾದವನು, ಒಹಾಯೊ ಯೂನಿವರ್ಸಿಟಿಯಿಂದ ಬಂದ. ಅವನು ಮೊಣಕಾಲಿನ ಲಿಗಮೆಂಟ್ ಹರಿದಿದ್ದರೂ ಇಡೀ ಸೀಸನ್ ಆಡಿದ್ದ ಎಂದು ನಮಗೆಲ್ಲ ಗೊತ್ತಾಗಿದ್ದು ಸೀಸನ್ ಮುಗಿದ ಮೇಲೆ.

ನನಗೆ ಜಾಸ್ತಿ ಇಷ್ಟವಾದವನು ಹೊಸಬನಲ್ಲ. ಮೈಕ್ ಕ್ಯಾಟಿಕ್. ಲೈನ್‌ನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್. 2019ರಿಂದ ಇಲ್ಲೇ ಇದ್ದವನು. ಎರಡು, ನಾಲ್ಕು, ಮೂರು ಗೆಲುವಿನ ಆ ವರ್ಷಗಳನ್ನೆಲ್ಲ ನುಂಗಿಕೊಂಡವನು. ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಬಂದವರಿಗೆ ಗೆಲ್ಲುವ ಅಭ್ಯಾಸ ಇತ್ತು, ಸರಿ. ಸೋತು ಸೋತು ಬೇಸತ್ತ ಇವನಂಥವರು ಅವರ ಜೊತೆ ಕೂಡಿದ್ದಕ್ಕೇ ಅದೊಂದು ತಂಡವಾಯಿತು.

ಸೀಸನ್‌ಗೆ ಮೊದಲು ಪತ್ರಕರ್ತರು ಬಿಗ್ ಟೆನ್‌ನ 18 ತಂಡಗಳಲ್ಲಿ ನಮ್ಮನ್ನು 17ನೇ ಜಾಗದಲ್ಲಿ ಕೂರಿಸಿದ್ದರು. ಆಮೇಲೆ ನಡೆದದ್ದು ನಿಮಗೆ ಗೊತ್ತೇ ಇದೆ. ವೆಸ್ಟರ್ನ್ ಇಲಿನಾಯ್ ಮೇಲೆ 77-3. ಲಾಸ್ ಏಂಜಲೀಸ್‌ಗೆ ಹೋಗಿ ಯುಸಿಎಲ್‌ಎ ಮೇಲೆ 42-13. ನೆಬ್ರಾಸ್ಕಾ ಮೇಲೆ 56-7. ನವೆಂಬರ್ 9ರಂದು, ಹಿಂದಿನ ವರ್ಷದ ಚಾಂಪಿಯನ್ ಮಿಶಿಗನ್ ನಮ್ಮ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್‌ಗೆ ಬಂದಾಗ ನಮ್ಮ ಲೆಕ್ಕ ಒಂಬತ್ತಕ್ಕೆ ಒಂಬತ್ತು.

ಆ ಪಂದ್ಯಕ್ಕೆ ನಾನು ಹೋಗಿದ್ದೆ. ಮಗಳು ಅಲ್ಲೇ ಓದುತ್ತಿದ್ದಾಳೆ, ಅವಳೇ ಟಿಕೆಟ್ ಹೊಂದಿಸಿದಳು. ಐ-69 ಹೆದ್ದಾರಿ ಹಿಡಿದರೆ ಒಂದು ಗಂಟೆ ದಾರಿ. ಇಷ್ಟು ಹತ್ತಿರ ಇದ್ದೂ ಒಂದು ಸಲವೂ ಫುಟ್‌ಬಾಲ್‌ಗೆ ಹೋಗಿರಲಿಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಯಿತು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಸ್ಟೇಡಿಯಂ ಪಕ್ಕದ ಹುಲ್ಲಿನ ಮೇಲೆ ಎಲ್ಲರೂ ಟೆಂಟ್ ಹಾಕಿ ಗ್ರಿಲ್ ಹಚ್ಚಿದ್ದರು. ನಾವು ಕಾರಿನ ಡಿಕ್ಕಿ ತೆಗೆದು, ಸ್ಟೀಲ್ ಡಬ್ಬಿಯಿಂದಲೇ ಪುಳಿಯೋಗರೆ ತಿಂದೆವು. ಪಕ್ಕದ ಟೆಂಟಿನವರಿಗೂ ಕೊಟ್ಟೆವು. ಒಗ್ಗರಣೆಯ ಕಡಲೆಬೀಜ ಅವರಿಗೆ ತುಂಬಾ ಹಿಡಿಸಿತು.

ಒಳಗೆ ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು. ಮಾಸಿದ ಕೆಂಪು ಟೋಪಿ. ನಲವತ್ತಕ್ಕೂ ಹೆಚ್ಚು ವರ್ಷದಿಂದ ಸೀಸನ್ ಟಿಕೆಟ್ ಇಟ್ಟುಕೊಂಡಿದ್ದಾರಂತೆ. ಹಾಫ್‌ಟೈಮ್ ಹೊತ್ತಿಗೆ 17-3, ನಾವೇ ಮುಂದೆ. ನಾನು ಕಾಫಿ ತರಲು ಎದ್ದೆ. ಅವರು ನನ್ನ ತೋಳು ಮುಟ್ಟಿ, "ಸುತ್ತ ನೋಡಿ" ಅಂದರು. ಯಾರೂ ಎದ್ದು ಮನೆಗೆ ಹೋಗುತ್ತಿರಲಿಲ್ಲ. ವರ್ಷಾನುಗಟ್ಟಲೆ ಹಾಫ್‌ಟೈಮ್ ಆದ ಕೂಡಲೇ ಈ ಸ್ಟೇಡಿಯಂ ಖಾಲಿಯಾಗುತ್ತಿತ್ತಂತೆ. ಎಷ್ಟೋ ವಿದ್ಯಾರ್ಥಿಗಳು ಹೊರಗಿನ ಟೆಂಟು ಬಿಟ್ಟು ಒಳಗೆ ಬರುತ್ತಲೇ ಇರಲಿಲ್ಲವಂತೆ. "ನಾನೂ ಎಷ್ಟೋ ಸಲ ಎದ್ದು ಹೋಗಿದ್ದೇನೆ" ಎಂದು ಮೆಲ್ಲಗೆ ಸೇರಿಸಿದರು.

ಎರಡನೇ ಅರ್ಧದಲ್ಲಿ ನಮ್ಮ ಆಟ ಕಟ್ಟಿಕೊಂಡಿತು. ಚೆಂಡು ಮುಂದೆ ಹೋಗುತ್ತಲೇ ಇಲ್ಲ. ನೋಡನೋಡುತ್ತ 17-15. ಮಿಶಿಗನ್ ಸಮ ಮಾಡಲು ಎರಡು ಪಾಯಿಂಟಿಗೆ ಪ್ರಯತ್ನಿಸಿದಾಗ ಅಜ್ಜ ಟೋಪಿ ತೆಗೆದು ಎರಡೂ ಕೈಯಲ್ಲಿ ಹಿಂಡುತ್ತಿದ್ದರು. ಮೈದಾನದ ಕಡೆ ನೋಡುತ್ತಲೇ ಇರಲಿಲ್ಲ. ಪಾಸ್ ತಪ್ಪಿತು. ಆಮೇಲೆ ನಮ್ಮದೊಂದು ಫೀಲ್ಡ್ ಗೋಲ್. 20-15. ಕೊನೆಯ ಸಲ ಮಿಶಿಗನ್‌ನವರನ್ನು ತಡೆದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತು. ಅಜ್ಜ ಮಾತ್ರ ಕೂತೇ ಇದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದರು. ಈ ಕಾಲೇಜಿನ ಇತಿಹಾಸದಲ್ಲಿ ಮೊದಲ ಸಲ ಒಂದೇ ಸೀಸನ್‌ನಲ್ಲಿ ಹತ್ತು ಗೆಲುವು.

ಅವತ್ತು ವಾಪಸ್ ಬರುವಾಗ ನಮ್ಮ ಕೂಟದ ನೆನಪಾಯಿತು. "ಇಲ್ಲಿ ಹುಟ್ಟಿದ ಮಕ್ಕಳು, ಕನ್ನಡ ಬರಲ್ಲ ಬಿಡಿ" ಎಂದು ನಾವೇ ಎಷ್ಟು ಸಲ ಹೇಳಿದ್ದೇವೆ! ಕನ್ನಡ ತರಗತಿಗೆ ನಾಲ್ಕು ಮಕ್ಕಳು ಬಂದರೆ ಅಷ್ಟೇ ಸಾಕು ಎಂದು ಸುಮ್ಮನಾಗಿದ್ದೇವೆ. ನಾನೂ ಹಾಗೇ ಹೇಳಿದವರಲ್ಲಿ ಒಬ್ಬ. ಇನ್ನು ಹೇಳುವುದಿಲ್ಲ. ಸೋಲಿನಲ್ಲೂ ಬಿಡದೆ ನಿಲ್ಲುವುದು ಆರ್‌ಸಿಬಿ ನೆಚ್ಚಿಕೊಂಡ ನಮಗೆ ಹೊಸದೇನಲ್ಲ. ಮೊದಲ 17 ಸೀಸನ್ ಕಪ್ ಇಲ್ಲದೆ ಹೋದರೂ ಚಿನ್ನಸ್ವಾಮಿ ಸ್ಟೇಡಿಯಂ ಖಾಲಿಯಾಗಲಿಲ್ಲ.

ಆಮೇಲೆ ಕೊಲಂಬಸ್‌ನಲ್ಲಿ ಒಹಾಯೊ ಸ್ಟೇಟ್ ಕೈಯಲ್ಲಿ 38-15ರ ಸೋಲು. ಪಂಟ್ ಮಾಡುವಾಗ, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವಾಗ, ನಡೆದ ಎರಡು ತಪ್ಪು ನಮ್ಮನ್ನು ಮುಳುಗಿಸಿದವು. ಮುಂದಿನ ವಾರ ಪರ್ಡ್ಯೂ ಮೇಲೆ 66-0. 1925ರಿಂದ ಈ ಎರಡು ಕಾಲೇಜು ಸೆಣಸುತ್ತಿರುವುದು ಒಂದು ಹಳೆಯ ಓಕ್ ಮರದ ಬಕೆಟ್‌ಗಾಗಿ. ಅದರ ಸರಪಣಿಗೆ ಪ್ರತಿ ವರ್ಷ ಗೆದ್ದವರ ಅಕ್ಷರ ಸೇರುತ್ತದೆ. ನಮ್ಮ ಕೂಟದಲ್ಲಿ ಪರ್ಡ್ಯೂ ಮನೆಗಳೂ ಬೇಕಾದಷ್ಟಿವೆ. ಅವರಿಗೆ ಅವತ್ತು ಎಷ್ಟು ನೋವಾಯಿತು ಎಂದು ಬಲ್ಲೆ, ಹಾಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ.

ಡಿಸೆಂಬರ್ 20ರಂದು ಸೌತ್ ಬೆಂಡ್‌ನಲ್ಲಿ ನೋಟ್ರ ಡೇಮ್ ವಿರುದ್ಧ, ರಾಷ್ಟ್ರೀಯ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಪ್ಲೇಆಫ್. 12 ತಂಡಗಳ ಹೊಸ ಪ್ಲೇಆಫ್‌ನ ಮೊಟ್ಟಮೊದಲ ಪಂದ್ಯ, ಎರಡೂ ತಂಡ ನಮ್ಮ ರಾಜ್ಯದವೇ. ನೋಟ್ರ ಡೇಮ್‌ನ ಜೆರಮಾಯಾ ಲವ್ 98 ಗಜ ಓಡಿದ ಕ್ಷಣಕ್ಕೇ ನನ್ನ ಎದೆ ಕುಸಿಯಿತು. ನಾಲ್ಕನೇ ಕ್ವಾರ್ಟರ್‌ನಲ್ಲಿ 17 ಪಾಯಿಂಟ್ ಹಿಂದಿದ್ದಾಗ ಸಿಗ್ನೆಟಿ ಪಂಟ್ ಮಾಡಿಸಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಅಲ್ಲಿ ಧೈರ್ಯ ಮಾಡಬೇಕಿತ್ತು. 27-17ರಲ್ಲಿ ಮುಗಿಯಿತು. ಇವರಿಗೆ ಪ್ಲೇಆಫ್ ಯೋಗ್ಯತೆಯೇ ಇರಲಿಲ್ಲ ಎಂದು ಟೀವಿಯಲ್ಲಿ ದೊಡ್ಡವರು ಮಾತಾಡಿದರು. ಆ ಮಾತು ಒಪ್ಪಲಾರೆ. ಹನ್ನೊಂದು ಗೆದ್ದು ಎರಡು ಸೋತವರು ಇವರು. ಆ ಎರಡು ಸೋಲೂ ಕೊನೆಗೆ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಎದುರಾಬದುರಾದ ತಂಡಗಳ ಕೈಯಲ್ಲೇ ಆದದ್ದು.

ಇದು 2025ರ ವಸಂತದ ಅಭ್ಯಾಸ. ರೂರ್ಕ್ ಇಲ್ಲ, ಕ್ಯಾಟಿಕ್ ಇಲ್ಲ. ಬರ್ಕ್ಲಿಯಿಂದ ಫರ್ನಾಂಡೊ ಮೆಂಡೋಝಾ ಅನ್ನುವ ಕ್ವಾರ್ಟರ್‌ಬ್ಯಾಕ್ ಬಂದಿದ್ದಾನೆ. ಮೊದಲ ಪಂದ್ಯ ಆಗಸ್ಟ್ 30, ಶನಿವಾರ, ಬ್ಲೂಮಿಂಗ್ಟನ್‌ನಲ್ಲೇ.

ಇದರಲ್ಲಿ ಒಂದು ತೊಡಕಿದೆ. ಈ ವರ್ಷ ಗಣೇಶನ ಹಬ್ಬ ಆಗಸ್ಟ್ 27, ಬುಧವಾರ. ರೂಢಿಯಂತೆ ನಮ್ಮ ಕೂಟದ ಹಬ್ಬ ಅದರ ಮುಂದಿನ ಶನಿವಾರ, ಅಂದರೆ ಅದೇ 30ನೇ ತಾರೀಖು. ಸೋಮವಾರ ಹೇಗೂ ಲೇಬರ್ ಡೇ ರಜೆ, ಆದ್ದರಿಂದ ಹಬ್ಬ ಭಾನುವಾರ ಇಟ್ಟುಕೊಳ್ಳೋಣ ಎಂದು ಸಮಿತಿಯನ್ನು ಕೇಳಿದ್ದೇನೆ. ಹಾಲ್ 31ಕ್ಕೂ ಖಾಲಿ ಇದೆಯಂತೆ. ಶನಿವಾರ ಬರುವವರು ಹೆಸರು ಕೊಡಿ, ಕಾರು ಹೊಂದಿಸೋಣ. ಪುಳಿಯೋಗರೆ ನಮ್ಮ ಮನೆಯಿಂದ.