ಎಕ್ಸ್-ರೇ ಕೋರ್ಸ್ ಕೇಳಿದವರಿಗೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮುಗಿಸಿದ ಮಕ್ಕಳನ್ನು ಎಕ್ಸ್-ರೇ ಕೋರ್ಸಿಗೆ ಸೇರಿಸಬಹುದೇ ಎಂದು ಈ ವಾರ ಮೂರು ಮನೆಯವರು ಕೇಳಿದ್ದೀರಿ. ಮಂಡ್ಯದಲ್ಲಿ ಇದೇ ಕೆಲಸ ಮಾಡುತ್ತಿರುವವಳಾಗಿ ಹೇಳುತ್ತೇನೆ: ಧೈರ್ಯವಾಗಿ ಸೇರಿಸಿ.

ಪ್ಯಾರಾಮೆಡಿಕಲ್ ಬೋರ್ಡಿನ ಡಿಪ್ಲೊಮಾ ಇದೆ. ವಿಜ್ಞಾನ ಓದಿದವರಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದ ಬಿ.ಎಸ್ಸಿ. ಇದೆ. ಸಿ.ಟಿ., ಎಂ.ಆರ್.ಐ. ಕಡೆ ಆಸೆಯಿದ್ದರೆ ಪದವಿಯೇ ಮೇಲು. ಮಾನ್ಯತೆಯಿಲ್ಲದ ಆರು ತಿಂಗಳ ಸರ್ಟಿಫಿಕೇಟಿಗೆ ದಯವಿಟ್ಟು ದುಡ್ಡು ಸುರಿಯಬೇಡಿ. ಕಾಲೇಜಿನ ಕಟ್ಟಡ ನೋಡುವ ಮೊದಲು, ತರಬೇತಿ ಯಾವ ಆಸ್ಪತ್ರೆಯಲ್ಲಿ, ದಿನಕ್ಕೆಷ್ಟು ರೋಗಿಗಳು ಬರುತ್ತಾರೆ ಎಂದು ವಿಚಾರಿಸಿ. ಕೈ ಪಳಗುವುದು ಅಲ್ಲೇ.

ನಾನು ಕಲಿಯುವಾಗ ಒಂದು ಬೆಳಿಗ್ಗೆ, ಅಜ್ಜಿಯೊಬ್ಬರ ಮೊಣಕಾಲಿನ ಪಕ್ಕ, ಬಲಗಾಲೆಂದು ತೋರಿಸುವ ‘ಆರ್’ ಅಕ್ಷರದ ಸೀಸದ ಗುರುತು ಇಡಲು ಮರೆತೆ. ಯಾವ ಕಾಲೆಂದು ಚಿತ್ರ ಹೇಳಲಿಲ್ಲ. ನೋವಿನಲ್ಲಿದ್ದ ಅವರನ್ನು ಮತ್ತೆ ಮೇಜಿನ ಮೇಲೆ ಮಲಗಿಸಬೇಕಾಯಿತು. ಅಂದಿನಿಂದ ಗುರುತು ನೋಡದೆ ಗುಂಡಿ ಒತ್ತಿಲ್ಲ.

‘ಹೆಣ್ಣುಮಕ್ಕಳಿಗೆ ವಿಕಿರಣ ಅಪಾಯವಲ್ಲವೇ’ ಎಂಬ ಭಯ ಸಹಜ. ಸೀಸದ ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ನಾವು ಟಿ.ಎಲ್.ಡಿ. ಬ್ಯಾಡ್ಜ್ ಧರಿಸುತ್ತೇವೆ, ನಮ್ಮ ಮೈಗೆ ತಗುಲಿದ ವಿಕಿರಣದ ಪ್ರಮಾಣವನ್ನು ಅದರಿಂದ ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ವರ್ಷಕ್ಕೆ 30 ಮಿಲಿಸೀವರ್ಟ್ ಮೀರುವಂತಿಲ್ಲ, ಐದು ವರ್ಷದ ಸರಾಸರಿ 20 ದಾಟುವಂತಿಲ್ಲ. ಬ್ಯಾಡ್ಜ್ ಕೊಡದ ಕಡೆ ಮಗಳನ್ನು ಕೆಲಸಕ್ಕೆ ಕಳುಹಿಸಬೇಡಿ. ಗರ್ಭಿಣಿಯಾದರೆ ತಕ್ಷಣ ಮೇಲಿನವರಿಗೆ ತಿಳಿಸಬೇಕು, ಸಂಕೋಚ ಬೇಡ.

ಮೈಸೂರು, ಮಂಡ್ಯದ ಯಾವುದೇ ಕಾಲೇಜಿಗೆ ಶುಲ್ಕ ಕಟ್ಟುವ ಮೊದಲು ಅದರ ವಿವರಪತ್ರವನ್ನು ಇಲ್ಲಿ ಹಾಕಿ. ರಾತ್ರಿ ಪಾಳಿ ಮುಗಿದ ಮೇಲೆ ಓದಿ ಉತ್ತರಿಸುತ್ತೇನೆ.