ಹದಿನಾಲ್ಕರಲ್ಲೇ ಶುರುವಾದ ಲಸಿಕೆಗೆ ಮೂರನೇ ಡೋಸಿನ ಹಣ ಯಾಕೆ? ಆಸ್ಪತ್ರೆಗೊಂದು ದೂರು ಪತ್ರ

ಮೈಸೂರು
ಮೇ 2024

ಇವರಿಗೆ,
ಆಡಳಿತಾಧಿಕಾರಿಗಳು ಮತ್ತು ಲಸಿಕೆ ವಿಭಾಗದ ಮುಖ್ಯಸ್ಥರು

ವಿಷಯ: ನನ್ನ ಮಗಳ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್) ಲಸಿಕೆಗೆ ಬೇಡದ ಮೂರನೇ ಡೋಸಿನ ಹಣ ಕಟ್ಟಿಸಿಕೊಂಡಿದ್ದು, ಕಡಿಮೆ ಬೆಲೆಯ ಲಸಿಕೆ ಇದೆ ಅಂತ ಹೇಳದೇ ಇದ್ದಿದ್ದು, ವಯಸ್ಸು ಮತ್ತು ದಿನಾಂಕದ ಬಗ್ಗೆ ಕೌಂಟರಿನಲ್ಲಿ ತಪ್ಪು ಮಾಹಿತಿ ಕೊಟ್ಟಿದ್ದು.

ಮಾನ್ಯರೇ,

ಕಳೆದ ಸೆಪ್ಟೆಂಬರಿನಲ್ಲಿ ನಿಮ್ಮ ಆಸ್ಪತ್ರೆಯಲ್ಲಿ ನನ್ನ ಮಗಳಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಮೊದಲ ಡೋಸ್ ಹಾಕಿಸಿದೆವು. ಆಗ ಅವಳಿಗೆ ಹದಿನಾಲ್ಕು ವರ್ಷ. ಅಕ್ಟೋಬರಿನಲ್ಲಿ ಹದಿನೈದು ತುಂಬಿತು. ನನ್ನ ದೂರಿಗೆಲ್ಲ ಈ ಒಂದು ತಿಂಗಳ ವ್ಯತ್ಯಾಸವೇ ಮೂಲ. ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಅವತ್ತು ಎರಡು ಡೋಸಿನ ಪ್ಯಾಕೇಜ್ ಅಂತ 21,700 ರೂಪಾಯಿ ಒಟ್ಟಿಗೇ ಕಟ್ಟಿದೆವು. ಡಾಕ್ಟರ್ ಫೀಸ್ ಬೇರೆ, ಇಂಜೆಕ್ಷನ್ ಚಾರ್ಜ್ ಅಂತ ಇನ್ನೊಂದು ಬೇರೆ. ಎರಡನೇ ಡೋಸಿನ ದಿನ ಆರು ತಿಂಗಳಿಗೆ, ಅಂದರೆ ಮಾರ್ಚ್ ಕೊನೆಗೆ ಬಂತು. ಮಗಳು ಎಸ್‌ಎಸ್‌ಎಲ್‌ಸಿ. ಸರಿಯಾಗಿ ಪರೀಕ್ಷೆ ನಡೆಯುವ ಹೊತ್ತು. ಇಂಜೆಕ್ಷನ್ ಆದ ಮೇಲೆ ತೋಳು ನೋಯಬಹುದು, ಒಂದು ದಿನ ಜ್ವರ ಬಂದರೂ ಬರಬಹುದು ಅಂತ ನಿಮ್ಮ ಡಾಕ್ಟರೇ ಹೇಳಿದ್ದರು. ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಬರುತ್ತೇವೆ, ದಿನ ಮುಂದೆ ಹಾಕಿ ಅಂತ ಫೋನ್ ಮಾಡಿದೆ. ಅದಕ್ಕೆ ಸಿಕ್ಕ ಉತ್ತರ: 'ಡೇಟ್ ತಪ್ಪಿದರೆ ಕೋರ್ಸ್ ಮೊದಲಿಂದ ಶುರು ಮಾಡಬೇಕಾಗುತ್ತೆ ಮೇಡಂ.'

ಈ ಮಾತು ತಪ್ಪು. ಎರಡನೇ ಡೋಸ್ ತಡವಾದರೆ ಮೊದಲನೆಯದು ವ್ಯರ್ಥ ಆಗುವುದಿಲ್ಲ, ಮತ್ತೆ ಶುರು ಮಾಡಬೇಕಾಗಿಯೂ ಇಲ್ಲ. ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದುವರಿಸಿದರೆ ಸಾಕು. ತೊಂದರೆ ಇರುವುದು ತೀರಾ ಬೇಗ ಕೊಟ್ಟಾಗ. ಎರಡು ಡೋಸಿನ ನಡುವೆ ಐದು ತಿಂಗಳೂ ಆಗಿರದಿದ್ದರೆ ಆಗ ಮೂರನೆಯದು ಬೇಕಾಗುತ್ತದೆ. ನಾವು ಕೇಳಿದ್ದು ತಡವಾಗಿ, ಬೇಗ ಅಲ್ಲ. ಹತ್ತನೇ ತರಗತಿ ಮಕ್ಕಳ ತಂದೆ ತಾಯಿಗೆ ಮಾರ್ಚ್ ತಿಂಗಳಲ್ಲಿ ಇಂಥ ಹೆದರಿಕೆ ಹಾಕಿದರೆ ಅವರು ಏನು ಮಾಡಬೇಕು? ಪರೀಕ್ಷೆಯ ಹಿಂದಿನ ದಿನ ಮಗುವನ್ನು ಎಳೆದುಕೊಂಡು ಬರಬೇಕು. ಇಲ್ಲವೇ ಇನ್ನು ಇದರ ಸಹವಾಸವೇ ಬೇಡ ಅಂತ ಅರ್ಧಕ್ಕೇ ಬಿಡಬೇಕು.

ಏಪ್ರಿಲಿನಲ್ಲಿ ಬಂದಾಗ ಇನ್ನೊಂದು ಕಾದಿತ್ತು. ಕೌಂಟರಿನವರು ಕಂಪ್ಯೂಟರ್ ನೋಡಿ, ಈಗ ಪೇಷಂಟಿಗೆ ಹದಿನೈದು ದಾಟಿದೆ, ಹದಿನೈದು ದಾಟಿದವರಿಗೆ ಮೂರು ಡೋಸ್, ಇನ್ನೂ 10,850 ಕಟ್ಟಿ ಅಂದರು. ಎರಡನೇ ಡೋಸಿನ ದುಡ್ಡು ಆಗಲೇ ನಿಮ್ಮ ಹತ್ತಿರ ಇದೆಯಲ್ಲ, ಆ ಡೋಸನ್ನಾದರೂ ಹಾಕಿ ಅಂದೆ. ಮೂರನೆಯದರ ಹಣ ಕಟ್ಟದೆ ಸಿಸ್ಟಮ್ ಮುಂದೆ ಹೋಗುವುದಿಲ್ಲ ಅಂದರು. ನನ್ನ ಯಜಮಾನರು ಅಲ್ಲೇ ನಿಂತು ಹಣ ಕಟ್ಟಿದರು. ಮಗಳನ್ನು ಮತ್ತೆ ವಾಪಸ್ ಕರೆದುಕೊಂಡು ಹೋಗುವುದು ಬೇಡ ಅನ್ನೋ ಒಂದೇ ಕಾರಣಕ್ಕೆ.

ಎಷ್ಟು ಡೋಸ್ ಅನ್ನುವುದನ್ನು ತೀರ್ಮಾನಿಸುವುದು ಮೊದಲ ಡೋಸ್ ಹಾಕಿಸಿಕೊಂಡ ದಿನದ ವಯಸ್ಸು. ಒಂಬತ್ತರಿಂದ ಹದಿನಾಲ್ಕು ವರ್ಷದವರೆಗೆ, ಅಂದರೆ ಹದಿನೈದು ತುಂಬುವ ಮೊದಲು ಶುರು ಮಾಡಿದರೆ ಎರಡು, ಆರು ತಿಂಗಳ ಅಂತರದಲ್ಲಿ. ಹದಿನೈದು ತುಂಬಿದ ಮೇಲೆ ಶುರು ಮಾಡಿದರೆ ಮೂರು. ಮೊದಲನೆಯದು, ಎರಡು ತಿಂಗಳಿಗೆ ಒಂದು, ಆರು ತಿಂಗಳಿಗೆ ಇನ್ನೊಂದು. ನಡುವೆ ಹುಟ್ಟುಹಬ್ಬ ಬಂದುಹೋದರೆ ಲೆಕ್ಕ ಬದಲಾಗುವುದಿಲ್ಲ. ನಿಮ್ಮದೇ ಮೊದಲ ಬಿಲ್ಲಿನಲ್ಲಿ ಅವಳ ವಯಸ್ಸು 14 ಅಂತಲೇ ಅಚ್ಚಾಗಿದೆ, ನೋಡಿ. ಎಚ್‌ಐವಿ ಇರುವವರಿಗೆ, ಬೇರೆ ಕಾರಣಕ್ಕೆ ರೋಗ ತಡೆಯುವ ಶಕ್ತಿ ಕಡಿಮೆ ಇರುವವರಿಗೆ ವಯಸ್ಸು ಎಷ್ಟೇ ಇರಲಿ ಮೂರು ಡೋಸ್ ಹೇಳುತ್ತಾರೆ. ನನ್ನ ಮಗಳಿಗೆ ಅಂಥದ್ದೇನೂ ಇಲ್ಲ. ಆ ಪ್ರಶ್ನೆಯನ್ನು ನಿಮ್ಮಲ್ಲಿ ಯಾರೂ ಕೇಳಲೂ ಇಲ್ಲ.

ಇಡೀ ಪ್ರಪಂಚ ಡೋಸ್ ಕಡಿಮೆ ಮಾಡುವ ಕಡೆಗೆ ಹೋಗುತ್ತಿದೆ. 2022ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂಬತ್ತರಿಂದ ಇಪ್ಪತ್ತು ವರ್ಷದವರಿಗೆ ಒಂದೇ ಡೋಸ್ ಕೊಟ್ಟರೂ ಆಗಬಹುದು ಅಂತ ಹೇಳಿತು. ಹಾಗೆ ಹೇಳಲು ಆಧಾರವಾದ ಅಧ್ಯಯನಗಳಲ್ಲಿ ಒಂದು ನಮ್ಮ ದೇಶದ್ದೇ. 2009ರಲ್ಲಿ ಇಲ್ಲಿನ ಹೆಣ್ಣುಮಕ್ಕಳಿಗೆ ಎರಡು ಡೋಸ್ ಸಾಕಾ, ಮೂರು ಬೇಕಾ ಅಂತ ನೋಡಲು ಲಸಿಕೆ ಹಾಕುತ್ತಿದ್ದರು. 2010ರಲ್ಲಿ ಸರ್ಕಾರ ಎಚ್‌ಪಿವಿ ಲಸಿಕೆಯ ಅಧ್ಯಯನಗಳನ್ನು ನಿಲ್ಲಿಸಿತು. ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಆಗಿ ಅಲ್ಲಿಗೇ ನಿಂತಿತು. ಅವರನ್ನು ಹತ್ತು ವರ್ಷ ಬಿಡದೆ ಗಮನಿಸಿದರು. ಈ ಕ್ಯಾನ್ಸರಿಗೆ ಹೆಚ್ಚಾಗಿ ಕಾರಣವಾಗುವ 16 ಮತ್ತು 18ನೇ ಬಗೆಯ ವೈರಸ್ ದೇಹದಲ್ಲಿ ಬೇರೂರದಂತೆ ತಡೆಯುವುದರಲ್ಲಿ ಆ ಒಂದು ಡೋಸೇ ಶೇ 95ರಷ್ಟು ಕೆಲಸ ಮಾಡಿತ್ತು. 2021ರಲ್ಲಿ ಅದು ಪ್ರಕಟವಾಯಿತು. ನಮ್ಮ ದೇಶದ ಹೆಣ್ಣುಮಕ್ಕಳಿಂದ ಜಗತ್ತಿಗೆ ಗೊತ್ತಾದ ವಿಷಯ ಇದು. ಆದರೆ ನಮ್ಮ ಊರಿನ ಕೌಂಟರಿನಲ್ಲಿ, ಎರಡು ಡೋಸ್ ಸಾಕಾಗುವ ಮಗುವಿಗೆ ಮೂರನೆಯದರ ಬಿಲ್ಲು ಹಾಕುತ್ತೀರಿ.

ಇನ್ನು ಬೆಲೆಯ ವಿಷಯ. ನನಗೆ ಜಾಸ್ತಿ ಸಂಕಟ ಆಗಿರುವುದು ಇಲ್ಲಿ.

ಸೆಪ್ಟೆಂಬರಿನಲ್ಲಿ ನಾವು ಬಂದಾಗ ಒಂಬತ್ತು ಬಗೆಯ ವೈರಸ್ ತಡೆಯುವ ಗಾರ್ಡಸಿಲ್-9 ಒಂದನ್ನೇ ಹೇಳಿದರು. ಬೇರೆ ಏನಾದರೂ ಇದೆಯಾ ಅಂತ ಕೇಳಿದ್ದಕ್ಕೆ, ಇರುವುದು ಇದೊಂದೇ ಅಂದರು. ಅಷ್ಟು ಹೊತ್ತಿಗಾಗಲೇ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ ಅನ್ನುವ ಎಚ್‌ಪಿವಿ ಲಸಿಕೆ ಮಾರುಕಟ್ಟೆಗೆ ಬಂದಿತ್ತು. 2023ರ ಜನವರಿಯಲ್ಲೇ ಬಿಡುಗಡೆ ಆಗಿತ್ತು. ಆಗ ಒಂದು ಡೋಸಿಗೆ ಸುಮಾರು 2,000 ರೂಪಾಯಿ ಇತ್ತು. ಗಾರ್ಡಸಿಲ್-9 ಜಾಸ್ತಿ ಬಗೆಯ ವೈರಸ್ ತಡೆಯುತ್ತದೆ, ನಿಜ. ಆದರೆ ಈ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಕಾರಣವಾಗುವ 16 ಮತ್ತು 18ನೇ ಬಗೆಯನ್ನು ಎರಡೂ ಲಸಿಕೆಗಳು ತಡೆಯುತ್ತವೆ. ಎರಡನ್ನೂ ಮುಂದಿಟ್ಟು, ಇದಕ್ಕಿಷ್ಟು, ಅದಕ್ಕಿಷ್ಟು, ಇದರಲ್ಲಿ ಇದು ಜಾಸ್ತಿ ಅಂತ ಹೇಳಿದ್ದರೆ ನಾವೇ ಯೋಚನೆ ಮಾಡಿ ಆರಿಸುತ್ತಿದ್ದೆವು. ಬಹುಶಃ ದುಬಾರಿಯದನ್ನೇ ಆರಿಸುತ್ತಿದ್ದೆವು. ಆದರೂ ಅದು ನಮ್ಮ ತೀರ್ಮಾನ ಆಗಿರುತ್ತಿತ್ತು.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಹದಿಮೂರು ವರ್ಷದ ಮಗಳಿದ್ದಾಳೆ. ನನ್ನ ಮಗಳಿಗೆ ಹಾಕಿಸಿದ್ದು ನೋಡಿ ಅವಳೂ ಕೇಳಿದಳು. ಚೀಟಿ ಎತ್ತಿದ ಹಣದಲ್ಲಿ ಐದು ಸಾವಿರ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಗಳನ್ನು ಕರೆದುಕೊಂಡು ನಿಮ್ಮಲ್ಲಿಗೇ ಬಂದಳು. ಕಳಿಸಿದ್ದು ನಾನೇ. ಅವಳಿಗೂ ಅದೇ ಪ್ಯಾಕೇಜಿನ ಚೀಟಿ ಬರೆದುಕೊಟ್ಟರು. 21,700. ಮಾರನೇ ದಿನ ಕೆಲಸಕ್ಕೆ ಬಂದವಳು 'ಬಿಡಿ ಅಕ್ಕಾ, ಅದು ನಮ್ಮಂಥೋರಿಗಲ್ಲ' ಅಂದಳು. ಎರಡು ಡೋಸ್ ಸರ್ವಾವ್ಯಾಕಿಗೆ 4,000 ಸಾಕಾಗುತ್ತಿತ್ತು. ಅವಳ ಗಂಟಿನಲ್ಲಿ ಅಷ್ಟಿತ್ತು. ನಿಮ್ಮಲ್ಲಿ ಆ ಲಸಿಕೆ ಇಟ್ಟಿಲ್ಲದಿದ್ದರೆ, ಇನ್ನೊಂದು ಕಡೆ ಸಿಗುತ್ತೆ ನೋಡಮ್ಮ ಅನ್ನುವ ಒಂದು ಮಾತು ಸಾಕಿತ್ತು.

ಆಮೇಲೆ ನಾನೇ ಅವರಿಬ್ಬರನ್ನೂ ನಮ್ಮ ಬೀದಿಯ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ಕ್ಲಿನಿಕ್ಕು. ಅಲ್ಲೇ ಹಾಕಿದರು. ನನ್ನ ಮಗಳ ಕಾರ್ಡ್ ನೋಡಿ, ಮೂರನೆಯದು ಯಾಕಮ್ಮಾ, ಇವಳ ಕೋರ್ಸ್ ಮುಗಿದಿದೆಯಲ್ಲ ಅಂತ ಹೇಳಿದವರೂ ಅವರೇ.

ಯಾರು ಹಾಕಿಸಿಕೊಳ್ಳಬಹುದು ಅನ್ನುವುದರಲ್ಲೂ ನಿಮ್ಮ ಕೌಂಟರಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನ್ನ ತಂಗಿ ಮಗನಿಗೆ ಹನ್ನೆರಡು. ಅವನಿಗೂ ಹಾಕಿಸೋಣ ಅಂದರೆ, ಇದು ಹುಡುಗಿಯರಿಗೆ ಮಾತ್ರ ಅಂದರು. ಹುಡುಗರಿಗೂ ನಮ್ಮ ದೇಶದಲ್ಲಿ ಅನುಮತಿ ಇದೆ. ನನ್ನ ಮೈದುನನ ಹೆಂಡತಿಗೆ ಇಪ್ಪತ್ತನಾಲ್ಕು. ಮದುವೆ ಆಗಿದೆಯಲ್ಲ, ಇನ್ನು ಪ್ರಯೋಜನ ಇಲ್ಲ ಅಂದರು. ಚಿಕ್ಕ ವಯಸ್ಸಿನಲ್ಲೇ ಹಾಕಿಸಿಕೊಂಡರೆ ಲಾಭ ಜಾಸ್ತಿ ಅನ್ನುವುದು ಸರಿ. ಆದರೆ ಇಪ್ಪತ್ತಾರರವರೆಗೆ ಹಾಕಿಸಿಕೊಳ್ಳಬಹುದು, ಮದುವೆ ಅದಕ್ಕೆ ಅಡ್ಡಿ ಅಲ್ಲ. ಇಂಥದ್ದನ್ನು ಹೇಳಬೇಕಾದವರು ಡಾಕ್ಟರು, ಬಿಲ್ಲು ಹಾಕುವವರಲ್ಲ.

ಇನ್ನೊಂದು ವಿಷಯ ಬರೆಯದೇ ಇದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಮೊದಲ ದಿನ ಕೌಂಟರಿನಲ್ಲಿದ್ದ ಹುಡುಗ ಗಾಜಿನ ಆ ಕಡೆಯಿಂದ, ಹಿಂದೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, 'ಪೀರಿಯಡ್ಸ್ ಶುರುವಾಗಿದೆಯಾ?' ಅಂತ ಕೇಳಿದ. ಮಗಳು ದುಪಟ್ಟಾದ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಾ ನಿಂತಳು. ಮುಟ್ಟು ಶುರುವಾಗಿದೆಯೋ ಇಲ್ಲವೋ, ಈ ಲಸಿಕೆಗೆ ಏನೂ ಸಂಬಂಧ ಇಲ್ಲ. ಒಂಬತ್ತು ತುಂಬಿದರೆ ಸಾಕು. ಆ ಪ್ರಶ್ನೆಯೇ ಬೇಕಿರಲಿಲ್ಲ. ಬೇಕಿದ್ದರೂ ಡಾಕ್ಟರ ಕೋಣೆಯಲ್ಲಿ, ಬಾಗಿಲು ಮುಚ್ಚಿ ಕೇಳುವ ಪ್ರಶ್ನೆ ಅದು.

ಹಾಗಂತ ಎಲ್ಲರನ್ನೂ ದೂರುತ್ತಿಲ್ಲ. ಲಸಿಕೆ ಹಾಕಿದ ನರ್ಸಮ್ಮ ತುಂಬಾ ಒಳ್ಳೆಯವರು. ಔಷಧದ ಹೆಸರು, ಎಕ್ಸ್‌ಪೈರಿ ತಾರೀಖು ತೋರಿಸಿ, ಓದಿ ನೋಡಿ ಅಂದರು. ಈ ವಯಸ್ಸಿನ ಮಕ್ಕಳು ಇಂಜೆಕ್ಷನ್ ಆದ ಮೇಲೆ ತಲೆ ತಿರುಗಿ ಬೀಳುವುದುಂಟು ಅಂತ ಹದಿನೈದು ನಿಮಿಷ ಪಕ್ಕದಲ್ಲೇ ಕೂರಿಸಿಕೊಂಡು ಮಾತಾಡಿಸಿದರು. ಎರಡನೇ ಸಲವೂ ಹಾಗೇ ನೋಡಿಕೊಂಡರು. ದಯವಿಟ್ಟು ಈ ಮಾತು ಅವರಿಗೆ ತಲುಪಿಸಿ.

ನಾವು ಈ ಲಸಿಕೆಗೆ ಇಷ್ಟು ಅಂಟಿಕೊಂಡಿರುವುದಕ್ಕೆ ಕಾರಣ ಇದೆ. ನಮ್ಮ ದೊಡ್ಡ ಅತ್ತಿಗೆ ಇದೇ ಕ್ಯಾನ್ಸರಿಗೆ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿಯಲ್ಲಿ ಚೆನ್ನಾಗಿಯೇ ನೋಡಿದರು, ಆದರೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ರಕ್ತ ಹೋಗುತ್ತಿದ್ದರೂ ನಾಚಿಕೆಗೆ ಹೇಳಿಕೊಂಡಿರಲಿಲ್ಲ. 2022ರ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 1,27,000 ಹೆಂಗಸರಿಗೆ ಈ ಕಾಯಿಲೆ ಬರುತ್ತದೆ, ಸುಮಾರು 80,000 ಜನ ಸಾಯುತ್ತಾರೆ. ತಡೆಯುವ ದಾರಿ ಇರುವ ಕಾಯಿಲೆ ಇದು. 2024ರ ಫೆಬ್ರವರಿಯ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರೂ ಒಂಬತ್ತರಿಂದ ಹದಿನಾಲ್ಕರ ಹುಡುಗಿಯರಿಗೆ ಈ ಲಸಿಕೆಯನ್ನು ಪ್ರೋತ್ಸಾಹಿಸುತ್ತೇವೆ ಅಂದರು. ಸಿಕ್ಕಿಂನಲ್ಲಿ 2018ರಲ್ಲೇ ಶಾಲೆಗಳಲ್ಲಿ ಉಚಿತವಾಗಿ ಹಾಕಿದ್ದಾರೆ. ನನ್ನ ಮಗಳ ಹೊತ್ತಿಗೆ ನಮ್ಮಲ್ಲಿ ಅದು ಬಂದಿರಲಿಲ್ಲ, ಹಾಗಾಗಿ ನಿಮ್ಮಂಥ ಆಸ್ಪತ್ರೆಯ ಬಾಗಿಲಿಗೇ ಬಂದೆವು. ಆ ಬಾಗಿಲಲ್ಲಿ ಸರಿಯಾದ ಮಾತು ಸಿಗಬೇಕು, ಅಲ್ವಾ?

ನಾನು ಕೇಳುವುದು ಇಷ್ಟು. ಮೂರನೇ ಡೋಸಿಗೆ ಅಂತ ಕಟ್ಟಿಸಿಕೊಂಡ 10,850 ರೂಪಾಯಿ ವಾಪಸ್ ಮಾಡಿ. ಮುಂದಿನ ಲಸಿಕೆಗೆ ಹೊಂದಿಸಿಕೊಳ್ಳುತ್ತೇವೆ ಅನ್ನುವುದು ಬೇಡ, ಕಟ್ಟಿದ ಖಾತೆಗೇ ಬರಲಿ. ಆ ಡೋಸಿಗೆ ಕೊಟ್ಟಿರುವ ಆಗಸ್ಟಿನ ಅಪಾಯಿಂಟ್ಮೆಂಟ್ ರದ್ದು ಮಾಡಿ. ಮಗಳ ಕಾರ್ಡಿನಲ್ಲಿ '2/3' ಅಂತ ಕೆಂಪು ಪೆನ್ನಿನಲ್ಲಿ ಬರೆದಿದ್ದೀರಿ. ಅದನ್ನು ಹೊಡೆದು ಹಾಕಿ, ಕೋರ್ಸ್ ಪೂರ್ತಿ ಆಗಿದೆ ಅಂತ ಡಾಕ್ಟರ ಸಹಿಯೊಂದಿಗೆ ಬರೆದುಕೊಡಿ. ನಾಳೆ ಅವಳು ಓದಲು ಎಲ್ಲಿಗೋ ಹೋದರೆ ಆ ಕಾರ್ಡೇ ಸಾಕ್ಷಿ. ಅರ್ಧ ಲಸಿಕೆ ಆದವಳು ಅಂತ ಅದರಲ್ಲಿ ಇರಬಾರದು.

ನಿಮ್ಮ ಸಾಫ್ಟ್‌ವೇರ್ ಇವತ್ತಿನ ವಯಸ್ಸು ನೋಡಿ ಡೋಸ್ ಲೆಕ್ಕ ಹಾಕುತ್ತಿದ್ದರೆ ಅದನ್ನು ಸರಿಪಡಿಸಿ. ಹದಿನಾಲ್ಕರಲ್ಲಿ ಮೊದಲ ಡೋಸ್ ಆದ ಎಷ್ಟೋ ಮಕ್ಕಳಿಗೆ ಎರಡನೆಯದು ಹದಿನೈದರಲ್ಲೇ ಬರುತ್ತದೆ. ಅವರಿಗೂ ಇದೇ ಬಿಲ್ಲು ಹೋಗಿರಬೇಕು. ಅಂಥವರನ್ನು ಹುಡುಕಿ, ಫೋನ್ ಮಾಡಿ, ಅವರ ಹಣವನ್ನೂ ಹಿಂದಿರುಗಿಸಿ.

ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು. ಲಸಿಕೆ ವಿಭಾಗದ ಗೋಡೆಯ ಮೇಲೆ ನನಗೆ ಕಂಡಿದ್ದು ಪ್ಯಾಕೇಜಿನ ಜಾಹೀರಾತು ಮಾತ್ರ. ಸಿಗುವ ಎಚ್‌ಪಿವಿ ಲಸಿಕೆಗಳ ಹೆಸರು, ಒಂದೊಂದು ಡೋಸಿನ ಬೆಲೆ, ಡಾಕ್ಟರ್ ಫೀಸ್, ಇಂಜೆಕ್ಷನ್ ಚಾರ್ಜ್ ಎಲ್ಲವನ್ನೂ ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಹಾಕಿ. ಹುಡುಗರಿಗೂ ಇದೆ ಅಂತ, ಯಾವ ವಯಸ್ಸಿಗೆ ಎಷ್ಟು ಡೋಸ್ ಅಂತ, ತಡವಾದರೆ ಹೆದರಬೇಡಿ, ಬನ್ನಿ ಅಂತ ಅದರ ಕೆಳಗೇ ಬರೆಯಿರಿ.

ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಕೊಡಿ. ಫೋನಿನಲ್ಲಿ ಬೇಡ. ಉತ್ತರ ಬಾರದಿದ್ದರೆ ಇದೇ ಪತ್ರವನ್ನು ಆ ಕಾಯ್ದೆಯಡಿ ಇರುವ ಜಿಲ್ಲಾ ಪ್ರಾಧಿಕಾರಕ್ಕೂ, ಗ್ರಾಹಕರ ಸಹಾಯವಾಣಿ 1915ಕ್ಕೂ ಕೊಡುತ್ತೇನೆ. ಬಿಲ್ಲುಗಳ ಮೂಲ ಪ್ರತಿ ನನ್ನ ಹತ್ತಿರ ಇವೆ.

ಇಂತಿ,
(ಸಹಿ)
ಲಸಿಕೆ ಪಡೆದ ಹುಡುಗಿಯ ತಾಯಿ

ಲಗತ್ತು: ಸೆಪ್ಟೆಂಬರ್ ಮತ್ತು ಏಪ್ರಿಲಿನ ಬಿಲ್ಲುಗಳ ನಕಲು, ಲಸಿಕೆ ಕಾರ್ಡಿನ ಎರಡೂ ಬದಿಯ ನಕಲು, ಮಗಳ ಜನನ ಪ್ರಮಾಣಪತ್ರದ ನಕಲು